ಹೂವು ಉದುರಿದ ಗಿಡವನ್ನು ಎಸೆಯಬೇಡಿ

ಆರ್ಕಿಡ್‌ಗೆ ಕುಂಡವೇ ಬೇಡ ಎಂಬ ನಂಬಿಕೆಯನ್ನು ಹೊತ್ತು ಊರು ಬಿಟ್ಟು ಈ ಚಳಿನಾಡಿಗೆ ಬಂದವನು ನಾನು. ಮರದ ತುಂಡಿಗೆ ತೆಂಗಿನ ನಾರು ಸುತ್ತಿ, ಗಿಡವನ್ನು ದಾರದಿಂದ ಬಿಗಿದು, ನೆರಳಿನಲ್ಲಿ ತೂಗುಹಾಕಿ ದಿನವೂ ನೀರು ಚಿಮುಕಿಸುವುದು ಊರಿನಲ್ಲಿ ನಮ್ಮ ಕ್ರಮವಾಗಿತ್ತು. ನಮ್ಮ ಕಾಡಿನ ಆರ್ಕಿಡ್ ಆದ ಸೀತಾಳೆ ಬದುಕುವುದೂ ಹಾಗೆಯೇ. ಅದು ಕೊಂಬೆಯನ್ನು ಅಪ್ಪಿಕೊಂಡಿರುತ್ತದೆ, ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ.

ಇಲ್ಲಿ ಚಳಿಗಾಲವಿಡೀ ಕಿಟಕಿ ಮುಚ್ಚಿ ಹೀಟರ್ ಹಾಕಿರುತ್ತೇವೆ. ಊರಿನಂತೆಯೇ ಮರದ ತುಂಡಿಗೆ ಕಟ್ಟಿದ ಫಲೆನಾಪ್ಸಿಸ್ ಎಂಬ ಆರ್ಕಿಡ್ ಗಿಡದ ಎಲೆಗಳು ಆ ಒಣಗಾಳಿಗೆ ಕೆಲವೇ ವಾರಗಳಲ್ಲಿ ಸುಕ್ಕುಗಟ್ಟಿದವು. ಆಗ ಇಲ್ಲಿನವರ ದಾರಿ ಹಿಡಿದೆ: ಪಾರದರ್ಶಕ ಪ್ಲಾಸ್ಟಿಕ್ ಕುಂಡ, ಮರದ ತೊಗಟೆಯ ಚೂರು, ಸುಮಾರು ವಾರಕ್ಕೊಮ್ಮೆ ನೀರು. ಮುಚ್ಚಿದ ಮನೆಗೆ ಇದೇ ಸರಿಯೆಂದು ಈಗ ಮನಸಾರೆ ಒಪ್ಪುತ್ತೇನೆ. ಪಾರದರ್ಶಕ ಕುಂಡವಂತೂ ನನಗೆ ಬಲು ಮೆಚ್ಚು. ಬೇರಿನ ಮೇಲಿನ ಸ್ಪಂಜಿನಂಥ ಪದರ ಒಣಗಿದಾಗ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ, ನೀರು ಕುಡಿದಾಗ ಹಸಿರಾಗುತ್ತದೆ. ನೀರೆರೆಯುವ ದಿನವನ್ನು ಬೇರೇ ಹೇಳುತ್ತದೆ.

ಆದರೆ ಹೂವು ಉದುರಿದೊಡನೆ ಗಿಡವನ್ನೇ ಕಸಕ್ಕೆ ಹಾಕುವ ಇಲ್ಲಿನ ಅಭ್ಯಾಸವನ್ನು ನಾನು ಒಪ್ಪಲಾರೆ. ಅದು ಸತ್ತಿರುವುದಿಲ್ಲ, ವರ್ಷಗಟ್ಟಲೆ ಬದುಕಬಲ್ಲದು. ಕೆಲವು ವಾರ ರಾತ್ರಿಯ ತಾಪಮಾನ 16ರಿಂದ 18 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಆರೋಗ್ಯವಂತ ಗಿಡ ಮತ್ತೆ ಹೂದಂಟು ಬಿಡುತ್ತದೆ. ಕುಂಡ ಬದಲಿಸುವುದಕ್ಕೆ ಹೂವು ಮುಗಿದ ಆ ಸಮಯವೇ ಒಳ್ಳೆಯದು.

ಕೊಂಡು ತಂದ ಗಿಡವನ್ನು ಕುಂಡದಿಂದ ಬಿಡಿಸಿ ನೋಡಿ. ಬೇರುಗಳ ನಡುವೆ ಪಾಚಿಯ (ಮಾಸ್) ಗಟ್ಟಿ ಉಂಡೆಯೊಂದು ಒದ್ದೆಯಾಗಿ ಕುಳಿತಿರುವುದುಂಟು. ಹೊರಗೆ ಒಣಗಿದಂತೆ ಕಂಡರೂ ಒಳಗೆ ಬೇರು ಉಸಿರುಗಟ್ಟಿ ಕೊಳೆಯುತ್ತಿರುತ್ತದೆ. ಆ ಉಂಡೆಯನ್ನು ತಾಳ್ಮೆಯಿಂದ ಬಿಡಿಸಬೇಕು. ಒತ್ತಿದರೆ ಮೆತ್ತಗೆ ಕುಸಿಯುವ ಕಂದು ಬೇರುಗಳನ್ನು ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ತೆಗೆದು, ಗಟ್ಟಿಯಾದವನ್ನು ಉಳಿಸಿಕೊಳ್ಳಬೇಕು. ಗಾಯ ಒಣಗಲು ಒಂದೆರಡು ದಿನ ನೀರು ಕೊಡದಿರುವುದು ಲೇಸು. ಹೊಸ ಕುಂಡ ಉಳಿದ ಬೇರುಗಳಿಗೆ ಹಿಡಿಸುವಷ್ಟಿದ್ದರೆ ಸಾಕು. ಮೊದಲ ಸಲ ಗಿಡ ಹಾಯಾಗಿ ಬೆಳೆಯಲೆಂದು ದೊಡ್ಡ ಕುಂಡ ಕೊಟ್ಟೆ. ಒಳಗಿನ ತೇವ ಆರಲೇ ಇಲ್ಲ, ಅರ್ಧ ಬೇರು ಹೋಯಿತು. ಎಲೆಗಳು ಕೂಡುವ ಸುಳಿಯನ್ನು ಹೂಳಬಾರದು, ಅಲ್ಲಿ ನೀರು ನಿಲ್ಲಲೂ ಬಾರದು.

ತೊಗಟೆ ಎರಡು ವರ್ಷಗಳ ಹೊತ್ತಿಗೆ ಪುಡಿಯಾಗತೊಡಗಿ ಗಾಳಿಯ ಸಂದುಗಳನ್ನು ಮುಚ್ಚುತ್ತದೆ. ಅದಕ್ಕೇ ನಾನು ಊರಿನ ರೂಢಿಯಂತೆ ಇದ್ದಿಲಿನ ತುಂಡುಗಳನ್ನೂ ಬೆರೆಸುತ್ತೇನೆ, ಇದ್ದಿಲು ಕೊಳೆಯುವುದಿಲ್ಲ. ವಾಂಡಾ ಎಂಬ ಇನ್ನೊಂದು ಆರ್ಕಿಡ್ ಗಿಡವನ್ನು ಮಾತ್ರ ಇಂದಿಗೂ ಕುಂಡಕ್ಕೆ ಹಾಕಿಲ್ಲ. ಅದು ಸ್ನಾನದ ಮನೆಯ ಕಿಟಕಿಯ ಬಳಿ, ಬರಿಯ ಬೇರುಗಳನ್ನು ಇಳಿಬಿಟ್ಟುಕೊಂಡು, ಬಿಸಿನೀರಿನ ಹಬೆಯಲ್ಲಿ ತೂಗುತ್ತಿದೆ.