ಬೇಬ್ ರೂತ್: 1330 ಸಲದ ‘ಸೋಲು’

ಅಮೆರಿಕದ ಬೇಸ್‌ಬಾಲ್ ತಾರೆ ಬೇಬ್ ರೂತ್ ಬಗ್ಗೆ, ‘ಅತಿ ಹೆಚ್ಚು ಹೋಮ್‌ರನ್ (ಒಂದೇ ಹೊಡೆತದಲ್ಲಿ ಎಲ್ಲ ಬೇಸ್‌ಗಳನ್ನು ಸುತ್ತಿ ಬರುವ ರನ್) ಹೊಡೆದ ಬೇಬ್ ರೂತ್, ಅತಿ ಹೆಚ್ಚು ಸಲ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಆದವನೂ ಹೌದು; ಸೋಲಿಗೆ ಹೆದರಬೇಡಿ’ ಎಂಬ ಸ್ಫೂರ್ತಿಯ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಿರುತ್ತದೆ. 1935ರಲ್ಲಿ ಅವರು ನಿವೃತ್ತರಾದಾಗ ಅದು ನಿಜವಾಗಿತ್ತು: 714 ಹೋಮ್‌ರನ್, 1330 ಸ್ಟ್ರೈಕ್‌ಔಟ್.

ಈಗಲ್ಲ. 1974ರಲ್ಲಿ ಹ್ಯಾಂಕ್ ಆರನ್ 714ನ್ನು ದಾಟಿದರು, 755ಕ್ಕೆ ಮುಟ್ಟಿದರು. ಮುಂದೆ ಬ್ಯಾರಿ ಬಾಂಡ್ಸ್ 762 ಹೊಡೆದರು. ಸ್ಟ್ರೈಕ್‌ಔಟ್ ದಾಖಲೆ ರೆಗ್ಗಿ ಜಾಕ್ಸನ್‌ರದು, 2597. ಅವರೂ ಹಾಲ್ ಆಫ್ ಫೇಮ್ (ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿ) ಸೇರಿದ ಆಟಗಾರರೇ.

ನನಗೆ ಹೆಚ್ಚು ಬೇಸರ ತರಿಸುವುದು ‘ಸೋಲು’ ಎಂಬ ಮಾತು. ರೂತ್ ಯಾವ ವರ್ಷವೂ ನೂರು ಸಲ ಸ್ಟ್ರೈಕ್‌ಔಟ್ ಆಗಲಿಲ್ಲ. 1923ರ 93 ಅವರ ಗರಿಷ್ಠ. ನಾಲ್ಕು ಕೆಟ್ಟ ಎಸೆತಗಳನ್ನು ಬಿಟ್ಟು ಮೊದಲ ಬೇಸ್‌ಗೆ ಪುಕ್ಕಟೆಯಾಗಿ ಹೋಗುವ ‘ವಾಕ್‌’ಗಳನ್ನು ಅವರು ಗಳಿಸಿದ್ದೇ 2062! ಬ್ಯಾಟಿಂಗ್ ಸರಾಸರಿ .342, ಅಂದರೆ ಲೆಕ್ಕಕ್ಕೆ ಬರುವ ಸಾವಿರ ಬ್ಯಾಟಿಂಗ್ ಸರದಿಗೆ 342 ಹಿಟ್. ಬ್ಯಾಟಿಂಗ್‌ನಲ್ಲಿ ಹೆಸರು ಮಾಡುವ ಮೊದಲು ಬಾಸ್ಟನ್ ತಂಡದಲ್ಲಿ ಅವರು ಶ್ರೇಷ್ಠ ಎಡಗೈ ಪಿಚರ್ (ಚೆಂಡೆಸೆಯುವವರು) ಆಗಿದ್ದರು.