ನಾರು ಹೆಚ್ಚಿದರೆ ನೀರೂ ಹೆಚ್ಚಬೇಕು

ನಾರಿನಂಶವಿರುವ ಆಹಾರವನ್ನು ಹೆಚ್ಚಿಸಿದರೆ ಮಲಬದ್ಧತೆ ನೀಗುತ್ತದೆ ಎಂದು ಲೇಖನವೊಂದರಲ್ಲಿ ಓದಿದೆ. ಆ ಮಾತು ಸರಿಯೇ ಆದರೂ, ಅದರಲ್ಲಿ ನೀರಿನ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿರುವುದು ನನಗೆ ಕೊರತೆಯೆನಿಸಿತು. ನಾರಿಗಾಗಿ ಸೇವಿಸುವ ಇಸಬ್‌ಗೋಲಿನ ಹೊಟ್ಟು (ಒಂದು ಬಗೆಯ ಬೀಜದ ಸಿಪ್ಪೆ) ನೀರನ್ನು ಹೀರಿ, ಲೋಳೆಯಂತೆ ಉಬ್ಬಿ, ಮಲವನ್ನು ಮೃದುವಾಗಿಸುತ್ತದೆ. ನೀರೇ ಸಾಲದಿದ್ದರೆ ಅದೇ ಹೊಟ್ಟು ಕರುಳಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ನಮ್ಮ ತಾಯಿಯವರು ಎರಡು ಚಮಚ ಹೊಟ್ಟನ್ನು ಅರ್ಧ ಲೋಟ ನೀರಿಗೆ ಹಾಕಿ, ಅದು ಗಂಜಿಯಂತಾಗುವವರೆಗೆ ಬಿಟ್ಟು, ಚಮಚದಲ್ಲಿ ತಿಂದು ಮಲಗುತ್ತಿದ್ದರು. ನಾಲ್ಕೇ ದಿನದಲ್ಲಿ ಹೊಟ್ಟೆ ಕಲ್ಲಿನಂತಾಯಿತು. ದೊಡ್ಡ ಲೋಟದ ತುಂಬ ನೀರಿಗೆ ಒಂದೇ ಚಮಚ ಹಾಕಿ ಕೂಡಲೇ ಕುಡಿದು, ಮೇಲೊಂದು ಲೋಟ ನೀರು ಕುಡಿಯತೊಡಗಿದ ಮೇಲೆ ವಾರದೊಳಗೆ ಸರಿಹೋಯಿತು.

ವಯಸ್ಕರಿಗೆ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ನಾರು ಬೇಕೆನ್ನುತ್ತಾರೆ. ಬಿಳಿ ಅನ್ನ, ತಿಳಿಸಾರಿನ ಊಟದಲ್ಲಿ ಅಷ್ಟು ಸಿಗುವುದಿಲ್ಲವಾದ್ದರಿಂದ ಹುರುಳಿ, ಅವರೆ, ಸೊಪ್ಪಿನ ಪಲ್ಯ, ಸಿಪ್ಪೆಸಹಿತ ಸೀಬೆಹಣ್ಣುಗಳನ್ನು ಸೇರಿಸಬೇಕು. ಆದರೆ ಎಲ್ಲವನ್ನೂ ಒಂದೇ ದಿನ ಸೇರಿಸಿದರೆ ಹೊಟ್ಟೆಯುಬ್ಬರ ತಪ್ಪಿದ್ದಲ್ಲ (ಮನೆಯವರ ಪಾಡನ್ನು ಹೇಳುವುದೇ ಬೇಡ). ಕಬ್ಬಿಣಾಂಶದ ಮಾತ್ರೆ, ಕೆಲವು ನೋವುನಿವಾರಕಗಳು ಅಥವಾ ಥೈರಾಯ್ಡ್ ಕೊರತೆಯಿಂದ ಬಂದ ಮಲಬದ್ಧತೆಗೆ ನಾರೊಂದೇ ಸಾಲದು. ಮಲದಲ್ಲಿ ರಕ್ತ ಕಂಡರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ, ಹೊಟ್ಟಿನ ಡಬ್ಬಿಯನ್ನು ಬದಿಗಿಟ್ಟು ತಡಮಾಡದೆ ವೈದ್ಯರನ್ನು ಕಾಣಬೇಕು.