ಆ ಎತ್ತರದ ದನಿ ಯಾರದು?

ಜರ್ಮನಿಯ ಪಾಪ್ ತಂಡ ಮಾಡರ್ನ್ ಟಾಕಿಂಗ್ ಅಂದರೆ ಇಬ್ಬರು ಅಂತಲೇ ನಾನು ವರ್ಷಗಟ್ಟಲೆ ನಂಬಿದ್ದೆ. ನಮ್ಮೂರ ಕ್ಯಾಸೆಟ್ ಅಂಗಡಿಯ ಪೋಸ್ಟರ್‌ನಲ್ಲೂ ಇಬ್ಬರೇ. ಡೀಟರ್ ಬೋಲೆನ್‌ಗೆ ಹೊಂಬಣ್ಣದ ಕೂದಲು. ಥಾಮಸ್ ಆ್ಯಂಡರ್ಸ್‌ಗೆ ಹೆಗಲ ಮೇಲೆ ಇಳಿಬಿದ್ದ ಕಪ್ಪು ಕೂದಲು, ಕುತ್ತಿಗೆಯಲ್ಲಿ ದಪ್ಪ ಅಕ್ಷರಗಳ ಸರ: 'ನೋರಾ'. ಅದು ಅವರ ಆಗಿನ ಹೆಂಡತಿಯ ಹೆಸರು.

1984ರ ಕೊನೆಗೆ ಮೊದಲ ಹಾಡು ಬಂತು. ಅದೂ ಸೇರಿ ಪಶ್ಚಿಮ ಜರ್ಮನಿಯಲ್ಲಿ ಸಾಲಾಗಿ 5 ಹಾಡು ಮೊದಲ ಸ್ಥಾನಕ್ಕೆ ಹೋದವು. ಇಂಗ್ಲಿಷ್ ಸರಿಯಾಗಿ ಬಾರದ ನಮಗೂ 'ಬ್ರದರ್ ಲೂಯಿ' ಬಾಯಿಪಾಠ.

'ಚೆರಿ ಚೆರಿ ಲೇಡಿ' ಒಮ್ಮೆ ಗಮನವಿಟ್ಟು ಕೇಳಿ. ಚರಣದಲ್ಲಿ ಆ್ಯಂಡರ್ಸ್ ಮೆತ್ತಗೆ, ಕಿವಿಯ ಹತ್ತಿರ ಬಂದು ಹೇಳಿದ ಹಾಗೆ ಹಾಡುತ್ತಾರೆ. ಪಲ್ಲವಿ ಬಂದಾಗ ತೆಳ್ಳನೆಯ ದನಿಗಳು ಒಟ್ಟಿಗೆ ಮೇಲಕ್ಕೆ ಹಾರುತ್ತವೆ. ಕಾಲು ತಾನಾಗೇ ಕುಣಿಯೋದು ಅಲ್ಲೇ ಅಲ್ವಾ? ಅದು ಬೋಲೆನ್ ದನಿ ಅಂದುಕೊಂಡಿದ್ದೆ. ಆದರೆ ಅದನ್ನು ಮುಖ್ಯವಾಗಿ ಹಾಡಿದ್ದು ರೋಲ್ಫ್ ಕೋಲರ್, ಡೆಟ್ಲೆಫ್ ವೀಡೆಕೆ, ಮಿಖಾಯೆಲ್ ಶೋಲ್ಟ್ಸ್ ಅನ್ನುವ ಸ್ಟುಡಿಯೋ ಗಾಯಕರು. ಪೋಸ್ಟರ್‌ನಲ್ಲಿ ಅವರು ಇಲ್ಲವೇ ಇಲ್ಲ. ನಮ್ಮ ಆಕಾಶವಾಣಿಯಲ್ಲಿ ಕೊನೆಗೆ 'ಮತ್ತು ಸಂಗಡಿಗರು' ಅಂತಾದರೂ ಹೇಳುತ್ತಿದ್ದರು.

ಬೋಲೆನ್ ಅವರ ಕೆಲಸ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಹಾಡು ಕಟ್ಟಿದ್ದು ಅವರೇ. ಆದರೆ 3 ವರ್ಷಕ್ಕೆ 6 ಆಲ್ಬಮ್ ಅಂದರೆ ಜಾಸ್ತಿ ಆಯ್ತು. ಅದೇ ತಾಳ, ಅದೇ ಸಿಂಥಸೈಜರ್ ಸದ್ದು, ಊರು ಮತ್ತು ಹುಡುಗಿಯ ಹೆಸರು ಮಾತ್ರ ಬೇರೆ. ಕೇಳುವವರಿಗೂ ಸಾಕಾಯಿತು. ಇಬ್ಬರಿಗೂ ಹೊಂದಾಣಿಕೆ ಇರಲಿಲ್ಲ. 1987ರಲ್ಲಿ ಬೇರೆಯಾದರು. 1998ರಲ್ಲಿ ಮತ್ತೆ ಸೇರಿ, ಹಳೇ ಹಾಡುಗಳಿಗೆ ಹೊಸ ಬೀಟ್ ಹಾಕಿ, ನಡುವೆ ರ‍್ಯಾಪ್ ತುರುಕಿದರು. ಚೆನ್ನಾಗಿಯೇ ಮಾರಾಟವಾಯಿತು. ನನಗೆ ಮಾತ್ರ ಆ ರ‍್ಯಾಪ್ ಇವತ್ತಿಗೂ ಹಿಡಿಸಿಲ್ಲ. 2003ರಲ್ಲಿ ಎಲ್ಲ ಮುಗಿಯಿತು.

ಜೋಡಿ ಮುರಿದ ಕಥೆಯನ್ನು ಎಲ್ಲರೂ ಬರೆಯುತ್ತಾರೆ. ಯಾರು ಸರಿ, ಯಾರು ತಪ್ಪು, ಆ ಸರ ಯಾಕೆ ಹಾಕಿಕೊಂಡರು, ಇದೇ ಮಾತು. ನನಗೆ ಬೇಜಾರಾಗೋದು ಆ ಮೂವರು ಸ್ಟುಡಿಯೋ ಗಾಯಕರ ಬಗ್ಗೆ. ಲಕ್ಷಾಂತರ ಜನ ಗುನುಗಿದ್ದು ಅವರ ದನಿ. ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಹಳೇ ಹಾಡು ಶೇರ್ ಮಾಡುವಾಗ ದಯವಿಟ್ಟು ಅವರ ಹೆಸರನ್ನೂ ಬರೆಯಿರಿ.

ಆಮೇಲೆ ಆ ಮೂವರು 'ಸಿಸ್ಟಮ್ಸ್ ಇನ್ ಬ್ಲೂ' ಅಂತ ತಮ್ಮದೇ ತಂಡ ಮಾಡಿಕೊಂಡರು. ಕೋಲರ್ 2007ರಲ್ಲಿ ತೀರಿಕೊಂಡರು. ಮೊನ್ನೆ ರಾತ್ರಿ ಆ ತಂಡದ ಒಂದು ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಪಲ್ಲವಿ ಬಂತು, ಮೈ ಜುಮ್ಮೆಂದಿತು. ಅದೇ ದನಿ!